ಮರದ ಹುಡುಗನ ಪಾದಗಳು

ಫ್ಲಾರೆನ್ಸ್, ಇಟಲಿ

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಒಂದು ಮಕ್ಕಳ ಕಥೆಯನ್ನು ಸಂಗೀತ ನಾಟಕವಾಗಿ ರಂಗಕ್ಕೆ ತರಲು ಇಷ್ಟೊಂದು ತಿಂಗಳು ಬೇಕೇ, ಅದರಲ್ಲಿ ನಿನ್ನ ಕೆಲಸವಾದರೂ ಏನು ಎಂದು ಅಪ್ಪ, ಕಳೆದ ಪತ್ರದಲ್ಲಿ ನೀವು ಕೇಳಿದ್ದಿರಿ. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ನಾನು ಕಥೆಯ ನಾಯಕನಾದ ಮರದ ಗೊಂಬೆ ಪಿನೋಕಿಯೊನ ಪಾದ.

ನಮ್ಮ ಗೊಂಬೆ ನಾಲ್ಕು ವರ್ಷದ ಮಗುವಿನಷ್ಟು ಎತ್ತರವಿದೆ. ಜಪಾನಿನ ಬುನ್ರಾಕು ಪದ್ಧತಿಯಲ್ಲಿ ಅದನ್ನು ಮೂವರು ಸೇರಿ ಆಡಿಸುತ್ತೇವೆ. ತಲೆ ಮತ್ತು ಬಲಗೈ ಒಬ್ಬರ ವಶ, ಎಡಗೈ ಇನ್ನೊಬ್ಬರ ವಶ, ಎರಡೂ ಕಾಲು ನನ್ನ ವಶ. ಪಾದಕ್ಕೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ದುಡಿದ ಮೇಲೆಯೇ ತಲೆ ಹಿಡಿಯುವ ಯೋಗ್ಯತೆ ಬರುತ್ತದೆ ಎಂಬ ಮಾತು ಅಲ್ಲಿದೆ. ಆ ಲೆಕ್ಕದಲ್ಲಿ ನಾನು ಇನ್ನೂ ಅಂಬೆಗಾಲಿಡುತ್ತಿದ್ದೇನೆ. ದಿನವಿಡೀ ಬೆನ್ನು ಬಾಗಿಸಿಯೇ ಇರಬೇಕಾಗುವುದರಿಂದ ಸೊಂಟ ನೋಯುತ್ತದೆ, ಆದರೆ ಅಮ್ಮ ಗಾಬರಿಪಡುವಂಥದ್ದೇನೂ ಇಲ್ಲ.

ಇಷ್ಟು ತಿಂಗಳು ಏಕೆ ಎಂಬುದಕ್ಕೆ ಉತ್ತರ ಸ್ವಲ್ಪ ಉದ್ದವಾದದ್ದು. ನಾವೆಲ್ಲ ಕೇಳಿ ಬೆಳೆದ ಪಿನೋಕಿಯೊ ಮುದ್ದು ಹುಡುಗ, ಮೂಲದವನು ಹಾಗಿಲ್ಲ. ಇದೇ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಕಾರ್ಲೊ ಲೊರೆಂಜಿನಿ, ತನ್ನ ತಾಯಿಯ ಊರಾದ ಕೊಲ್ಲೋದಿಯ ಹೆಸರನ್ನೇ ಕಾವ್ಯನಾಮವಾಗಿಟ್ಟುಕೊಂಡು, 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಈ ಕಥೆಯನ್ನು ಧಾರಾವಾಹಿಯಾಗಿ ಆರಂಭಿಸಿದಾಗ, ಹದಿನೈದನೆಯ ಅಧ್ಯಾಯದಲ್ಲಿ ಗೊಂಬೆಯನ್ನು ಓಕ್ ಮರಕ್ಕೆ ನೇಣು ಹಾಕಿಸಿ ಕಥೆ ಮುಗಿಸಿಬಿಟ್ಟಿದ್ದ. ಓದುವ ಮಕ್ಕಳು ಒಪ್ಪಲಿಲ್ಲ; ಮರುವರ್ಷ ಕಥೆ ಮುಂದುವರಿದು, 1883ರಲ್ಲಿ 36 ಅಧ್ಯಾಯಗಳ ಪುಸ್ತಕವಾಯಿತು. ಬುದ್ಧಿ ಹೇಳುವ ಜೀರುಂಡೆ ಇದೆಯಲ್ಲ, ಅದನ್ನು ಈ ಹುಡುಗ ನಾಲ್ಕನೆಯ ಅಧ್ಯಾಯದಲ್ಲೇ ಸುತ್ತಿಗೆ ಎಸೆದು ಕೊಂದುಬಿಡುತ್ತಾನೆ. ಅವನನ್ನು ನುಂಗುವುದೂ ತಿಮಿಂಗಿಲವಲ್ಲ, ಬಾಲ ಬಿಟ್ಟು ಅಳೆದರೂ ಒಂದು ಕಿಲೋಮೀಟರಿಗಿಂತ ಉದ್ದವಾದ ಶಾರ್ಕ್.

ಇಷ್ಟನ್ನೆಲ್ಲ ಎರಡು ಗಂಟೆಗೆ ಇಳಿಸಬೇಕು. ಹಾಡು ಬಂದರೆ ಸಮಯ ಇನ್ನಷ್ಟು ಕುಗ್ಗುತ್ತದೆ, ಏಕೆಂದರೆ ಹಾಡು ನಡೆಯುವಷ್ಟು ಹೊತ್ತು ಕಥೆ ನಿಂತೇ ಇರುತ್ತದೆ. ಆದ್ದರಿಂದ ಒಂದೊಂದು ಹಾಡೂ ಒಂದು ಅಧ್ಯಾಯದ ಕೆಲಸವನ್ನು ಮಾಡದಿದ್ದರೆ ಅದಕ್ಕೆ ನಾಟಕದಲ್ಲಿ ಜಾಗವಿಲ್ಲ ಎಂದು ನಮ್ಮ ನಿರ್ದೇಶಕಿ ಮೊದಲ ದಿನವೇ ಹೇಳಿದ್ದರು. ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂಬ ಜಗಳ ವಾರಗಟ್ಟಲೆ ನಡೆಯಿತು. ಹಣ ಕಳೆದುಕೊಂಡು ದೂರು ಕೊಡಲು ಬಂದವನನ್ನೇ ಜೈಲಿಗೆ ಕಳಿಸುವ ಮುದಿ ಗೊರಿಲ್ಲಾ ನ್ಯಾಯಾಧೀಶನನ್ನು ಕೈಬಿಟ್ಟದ್ದು ನನಗೆ ಇಂದಿಗೂ ಸರಿಬಂದಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಕಾಲುಗಳೇ. ಗೊಂಬೆಗೆ ತಂದೆಯೆನಿಸಿದ ಮುದುಕ ಜೆಪ್ಪೆತ್ತೊ ಅದನ್ನು ಕೆತ್ತುತ್ತಾ ಪಾದ ಮುಗಿಸಿದ್ದೇ ತಡ, ಅವನ ಮೂಗಿಗೇ ಒದೆ ಬೀಳುತ್ತದೆ. ನಡೆಯಲು ಕಲಿಸಿದ ಕೂಡಲೇ ಗೊಂಬೆ ಬೀದಿಗೆ ಓಡುತ್ತದೆ. ಮುಂದೆ ಬೆಂಕಿಯ ಮೇಲೆ ಕಾಲು ಚಾಚಿ ಮಲಗಿ ಎರಡೂ ಪಾದ ಸುಟ್ಟುಕೊಂಡಾಗ, ಆ ಬಡ ಮುದುಕನೇ ಕೂತು ಹೊಸ ಪಾದ ಮಾಡಿಕೊಡುತ್ತಾನೆ, ಆ ಪಾದಗಳಿಂದಲೂ ಹುಡುಗ ಓಡಿಯೇ ಹೋಗುತ್ತಾನೆ. ತಂದೆಯಿಂದ ಓಡುವ ಮತ್ತು ತಂದೆಯ ಕಡೆಗೆ ಓಡುವ ಪ್ರಸಂಗಗಳನ್ನಷ್ಟೇ ಇಟ್ಟುಕೊಂಡಾಗ ನಾಟಕ ತಾನಾಗಿ ನಿಂತಿತು. ಪಾದ ಸುಟ್ಟ ದೃಶ್ಯದಲ್ಲಿ ನನಗೆ ಕೆಲಸವಿಲ್ಲ; ಕತ್ತಲಲ್ಲಿ ಕುಳಿತು, ಜೆಪ್ಪೆತ್ತೊ ಹೊಸ ಪಾದ ಜೋಡಿಸುವ ಗಳಿಗೆಗಾಗಿ ಕಾಯುತ್ತೇನೆ.

ಹಾಡುವ ಕಷ್ಟವೇ ಬೇರೆ. ನಮ್ಮ ಯಕ್ಷಗಾನ ಗೊಂಬೆಯಾಟದಲ್ಲಿ ಹಾಡು ಭಾಗವತರದು, ದಾರ ಹಿಡಿದವರಿಗೆ ಆ ಚಿಂತೆಯಿಲ್ಲ. ಇಲ್ಲಿ ಗೊಂಬೆಯೇ ಹಾಡಬೇಕೆಂಬುದು ನಿರ್ದೇಶಕಿಯ ಹಟ, ಹಾಗಾಗಿ ತಲೆ ಹಿಡಿದವರೇ ಹಾಡುತ್ತಾರೆ. ಗೊಂಬೆಗೆ ಜೀವ ಬರುವುದು ಕೈಕಾಲು ಆಡಿಸುವುದರಿಂದಲ್ಲ, ಅದು ಉಸಿರಾಡುವಂತೆ ಕಾಣುವುದರಿಂದ. ಹಾಡುಗಾರ್ತಿ ಉದ್ದದ ಸಾಲಿಗೆ ಮುಂಚೆ ದೊಡ್ಡ ಉಸಿರು ಎಳೆದರೆ ಗೊಂಬೆಯ ಎದೆಯೂ ಅಷ್ಟೇ ಏರಬೇಕು, ಅದರ ಹಿಮ್ಮಡಿ ಕೂದಲೆಳೆಯಷ್ಟು ಮೇಲಕ್ಕೇಳಬೇಕು. ನಾವು ಮೂವರೂ ಒಂದೇ ಹೊತ್ತಿಗೆ ಉಸಿರೆಳೆಯುವುದನ್ನು ಕಲಿಯುವುದಕ್ಕೇ ಮೊದಲ ತಿಂಗಳು ಮುಗಿಯಿತು. ಸುಳ್ಳು ಹೇಳಿದಾಗ ಮೂಗು ಬೆಳೆಯುವ ಹಾಡಿನಲ್ಲಂತೂ ತುಂಡಿಗೆ ತುಂಡು ಸೇರಿ ತಲೆ ಮುಂದಕ್ಕೆ ವಾಲುತ್ತದೆ. ತಲೆ ಹಿಡಿದವರ ಮಣಿಕಟ್ಟು ನಡುಗಿದರೆ ನಾನು ಕೆಳಗಿನಿಂದ ಒಂದು ಹೆಜ್ಜೆ ಹಿಂದಿಟ್ಟು ಭಾರ ಸರಿದೂಗಿಸುತ್ತೇನೆ. ನೋಡುವವರಿಗೆ ಅದು ಹುಡುಗ ಹೆದರಿ ಹಿಂಜರಿದಂತೆ ಕಾಣುತ್ತದೆ. ಮರದ ಪಾದ ನೆಲಕ್ಕೆ ಬಡಿಯುವ ಸದ್ದನ್ನು ಮೊದಲು ಬಟ್ಟೆ ಸುತ್ತಿ ಅಡಗಿಸಲು ನೋಡಿದೆವು; ಈಗ ಅದೇ ಸದ್ದು ಓಟದ ಹಾಡಿನ ತಾಳವಾಗಿದೆ, ವಾದ್ಯದವರು ನನ್ನ ಕೈಯನ್ನೇ ನೋಡುತ್ತಿರುತ್ತಾರೆ.

ಇನ್ನೂ ಬಗೆಹರಿಯದೆ ಉಳಿದಿರುವುದು ಮುಕ್ತಾಯ. ಗೊಂಬೆ ನಿಜವಾದ ಹುಡುಗನಾಗುವುದನ್ನು ಹೊಗೆ, ಬೆಳಕು ಹಾಕಿ ತೋರಿಸಬಹುದಿತ್ತು. ಆದರೆ ಪುಸ್ತಕದ ಕೊನೆಯ ಪುಟದಲ್ಲಿ ಗೊಂಬೆ ಮಾಯವಾಗುವುದಿಲ್ಲ. ತಲೆ ಒಂದು ಕಡೆಗೆ ವಾಲಿಸಿಕೊಂಡು, ತೋಳು ಜೋತುಬಿಟ್ಟು, ಕಾಲುಗಳು ಒಂದಕ್ಕೊಂದು ಹೆಣೆದುಕೊಂಡು, ಕುರ್ಚಿಗೆ ಒರಗಿಕೊಂಡಿರುತ್ತದೆ; ಹುಡುಗ ಅದನ್ನು ನೋಡಿ, ತಾನು ಗೊಂಬೆಯಾಗಿದ್ದಾಗ ಎಷ್ಟು ತಮಾಷೆಯಾಗಿದ್ದೆ ಎಂದುಕೊಳ್ಳುತ್ತಾನೆ. ಎರಡು ಗಂಟೆ ತಮ್ಮೊಡನೆ ಹಾಡಿದ ಜೀವ ಹೀಗೆ ಮರವಾಗಿ ಬಿದ್ದದ್ದನ್ನು ನೋಡಿ ಮಕ್ಕಳು ನಗುವರೋ ಅಳುವರೋ ಹೇಳಲಾರೆವು. ಮೊನ್ನೆಯ ತಾಲೀಮಿನಲ್ಲಿ ಸಂಗೀತವನ್ನೂ ನಿಲ್ಲಿಸಿ ನೋಡಿದೆವು. ಮೊದಲು ಎಡಗೈ ಹಿಡಿದವರು ಸರಿದರು, ಆಮೇಲೆ ತಲೆ ಹಿಡಿದವರು. ಕಾಲು ಹೆಣೆಯಬೇಕಾದ್ದರಿಂದ ನಾನೇ ಕೊನೆಯವನು. ಬಲಗಾಲನ್ನು ಎಡಗಾಲಿನ ಮೇಲಿಟ್ಟು, ಸದ್ದಾಗದಂತೆ ಕೈ ಬಿಟ್ಟು ಹಿಂದಕ್ಕೆ ಬಂದೆ.

ನಿಮ್ಮ ಆಶೀರ್ವಾದ ಬಯಸುವ,
ನಿಮ್ಮ ಮಗ