ಕೋರ್ಸ್ ಪುಕ್ಕಟೆ ಇದೆ, ಕೀಬೋರ್ಡ್ ಕಪಾಟಿನಲ್ಲಿದೆ

ಮಾನ್ಯ ಸಂಪಾದಕರೇ,

ಪುಕ್ಕಟೆ ಕೋಡಿಂಗ್ ಕೋರ್ಸ್‌ಗಳ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಪಕ್ಕದ ಓಣಿಯ ಡಿಗ್ರಿ ಹುಡುಗನೊಬ್ಬ ಕತ್ತರಿಸಿ ತಂದು ನನ್ನ ಅಂಗಡಿಯ ಕೌಂಟರ್ ಮೇಲೆ ಇಟ್ಟ. "ಅಕ್ಕಾರ, ಇದರಾಗ ಯಾವುದು ಛಲೋ ಐತ್ರಿ?" ಅಂದ. "ಎಲ್ಲಾ ಛಲೋ ಅದಾವ. ನಿನ್ನ ಹತ್ರ ಕಂಪ್ಯೂಟರ್ ಐತೇನು?" ಅಂದೆ. "ಇಲ್ರಿ, ಮೊಬೈಲ್ ಐತಿ" ಅಂದ. ಕಲಿಯಲು ಕಂಪ್ಯೂಟರ್ ಬೇಕು ಅನ್ನುವ ಮಾತು ಲೇಖನದಲ್ಲಿ ಎಲ್ಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನನ್ನದು ಗುಳೇದಗುಡ್ಡದಲ್ಲಿ ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಝೆರಾಕ್ಸ್, ಆನ್‌ಲೈನ್ ಅರ್ಜಿ, ಶ್ರದ್ಧಾಂಜಲಿ ಬ್ಯಾನರ್, ಇಷ್ಟೇ ನಮ್ಮ ವ್ಯವಹಾರ. ಓದಿದ್ದು ಪಿಯುಸಿ, ಅದೂ ಆರ್ಟ್ಸ್. 2022ರ ಹೊತ್ತಿಗೆ ಲಗ್ನಪತ್ರಿಕೆ ಹೊಡೆಸುವವರು ಕಡಿಮೆ ಆಗಿದ್ದರು. ಐನೂರು ಹೊಡೆಸುತ್ತಿದ್ದ ಮನೆಯವರು ನೂರೈವತ್ತಕ್ಕೆ ಇಳಿದು, ಉಳಿದವರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ಒಬ್ಬ ಗಿರಾಕಿಯಂತೂ "ಬೆಂಗಳೂರಿನ ಬೀಗರು ಲಿಂಕ್ ಕಳಿಸ್ಯಾರ, ಒತ್ತಿದ್ರ ಪತ್ರಿಕೆ ತೆರಿತೈತಿ, ಹಂಗ ಮಾಡಿ ಕೊಡ್ರಿ" ಅಂದರು. ನನಗೆ ಬರುತ್ತಿರಲಿಲ್ಲ. ಆ ಆರ್ಡರ್ ಹೋಯಿತು. ಅವತ್ತು ರಾತ್ರಿಯೇ ಹುಡುಕಲು ಕುಳಿತೆ.

ಸಿಕ್ಕಿದ್ದು ಫ್ರೀಕೋಡ್‌ಕ್ಯಾಂಪ್ ಅನ್ನುವ, ಕೋಡಿಂಗ್ ಕಲಿಸುವ ವೆಬ್‌ಸೈಟ್. ಕ್ವಿನ್ಸಿ ಲಾರ್ಸನ್ ಅನ್ನುವವರು 2014ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ್ದು. ಲಾಭಕ್ಕೆ ನಡೆಸುವ ಕಂಪನಿ ಅಲ್ಲ, ಜನ ಕೊಡುವ ದೇಣಿಗೆಯಿಂದ ನಡೆಯುತ್ತದೆ. ಪಾಠಕ್ಕೂ ದುಡ್ಡಿಲ್ಲ, ಸರ್ಟಿಫಿಕೇಟಿಗೂ ದುಡ್ಡಿಲ್ಲ. ಕೊನೆಗೆಲ್ಲೋ ಕಾರ್ಡ್ ನಂಬರ್ ಕೇಳುತ್ತಾರೆ ಅಂತ ನಾನು ಕಾಯುತ್ತಲೇ ಇದ್ದೆ. ಕೇಳಲೇ ಇಲ್ಲ. ಎಲ್ಲ ಕಡೆ ಹೀಗಿರುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದವರ ಸಿಎಸ್50 ಅನ್ನುವ ಕಂಪ್ಯೂಟರ್ ಕೋರ್ಸನ್ನು ಎಡ್‌ಎಕ್ಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಕಲಿಯಬಹುದು, ಅಲ್ಲಿನ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕು. ನಮ್ಮ ಐಐಟಿಗಳು ಆನ್‌ಲೈನ್ ಪಾಠ ಮಾಡುವ ಎನ್‌ಪಿಟೆಲ್‌ನಲ್ಲಿ ಪಾಠ ಪುಕ್ಕಟೆ, ಪರೀಕ್ಷೆಗೆ ಫೀ ಇದೆ. ಲೇಖನದಲ್ಲಿ ಎಲ್ಲವನ್ನೂ "ಉಚಿತ" ಅಂತ ಒಂದೇ ಬುಟ್ಟಿಗೆ ಹಾಕಿದ್ದೀರಿ. ಹುಡುಗರು ಕೊನೆಗೆ ಹೋಗಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ವೆಬ್ ಡಿಸೈನ್ ಸರ್ಟಿಫಿಕೇಟಿಗೆ ಸುಮಾರು 300 ಗಂಟೆ ಅಂತ ಫ್ರೀಕೋಡ್‌ಕ್ಯಾಂಪ್‌ನವರೇ ಆಗ ಹೇಳುತ್ತಿದ್ದರು. ನನಗೆ ಹನ್ನೊಂದು ತಿಂಗಳು ಹಿಡಿಯಿತು. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಅಂಗಡಿಗೆ ಇಳಿದು ಬರುತ್ತಿದ್ದೆ. ಮೊದಲ ಪಾಠ ಬೆಕ್ಕಿನ ಫೋಟೋಗಳ ಪುಟ. ನಲವತ್ತರ ಹತ್ತಿರದ ಹೆಂಗಸು ರಾತ್ರಿ ಹತ್ತೂವರೆಗೆ ಬೆಕ್ಕಿನ ಚಿತ್ರಕ್ಕೆ ಕೋಡ್ ಬರೆಯುತ್ತಾ ಕುಳಿತದ್ದನ್ನು ನೋಡಿ ನಮ್ಮ ಯಜಮಾನರು ಏನೂ ಅನ್ನಲಿಲ್ಲ. ಚಹಾ ಇಟ್ಟು ಹೋದರು.

ನನಗೆ ಮೊದಲು ಕಾಟ ಕೊಟ್ಟದ್ದು ಇಂಗ್ಲಿಷ್ ಅಲ್ಲ, ನನ್ನದೇ ಕಸುಬು. ನಾವು ಡಿಟಿಪಿಯವರು ಮಾರ್ಜಿನ್ ಅಂದರೆ ಹಾಳೆಯ ಅಂಚಿನಿಂದ ಒಳಗೆ ಬಿಡುವ ಜಾಗ ಅಂತ ತಿಳಿದವರು. ನಾವು ಪುಟ ಕಟ್ಟುವ ಪೇಜ್‌ಮೇಕರ್ ಸಾಫ್ಟ್‌ವೇರ್ ಅದನ್ನೇ ಕಲಿಸಿತ್ತು. ವೆಬ್ ಪುಟದ ಬಣ್ಣ, ಅಳತೆ, ಜಾಗ ಹೇಳುವ ಸಿಎಸ್ಎಸ್ ಭಾಷೆಯಲ್ಲಿ ಉಲ್ಟಾ. ಡಬ್ಬಿಯ ಹೊರಗೆ ಬಿಡುವುದು ಮಾರ್ಜಿನ್, ಒಳಗೆ ಬಿಡುವುದು ಪ್ಯಾಡಿಂಗ್. ನಾನು ಒಳಗೆ ಜಾಗ ಬಿಡಬೇಕು ಅಂತ ಮಾರ್ಜಿನ್ ಏರಿಸುತ್ತಿದ್ದೆ, ಡಬ್ಬಿ ಮಾತ್ರ ಪುಟದ ನಡುವಿಗೆ ಸರಿಯುತ್ತಿತ್ತು. ಒಂದು ವಾರ ಹೀಗೇ ನಡೆಯಿತು. ಕೊನೆಗೆ ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಸಂದಿ ಮಾರ್ಜಿನ್, ನಮ್ಮ ಗೋಡೆಗೂ ಕಪಾಟಿಗೂ ನಡುವೆ ಬಿಟ್ಟ ಜಾಗ ಪ್ಯಾಡಿಂಗ್ ಅಂತ ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಆಮೇಲೆ ತಪ್ಪಲಿಲ್ಲ.

ಸಿಎಸ್ಎಸ್‌ನ ಗ್ರಿಡ್ ಮಾತ್ರ ಬೇಗ ಹತ್ತಿತು. ಪುಟವನ್ನು ಉದ್ದ ಸಾಲು, ಅಡ್ಡ ಸಾಲು ಅಂತ ಚೌಕ ಮಾಡಿ ಯಾವ ವಸ್ತು ಯಾವ ಚೌಕದಲ್ಲಿ ಕೂರಬೇಕು ಅಂತ ಹೇಳುವುದು. ಖಣ, ಅಂದರೆ ಕುಪ್ಪಸದ ಬಟ್ಟೆ ನೇಯುವ ಮನೆಗೆ ಸೊಸೆಯಾಗಿ ಬಂದವಳಿಗೆ ಹಾಸು ಹೊಕ್ಕು ಹೇಳಿಕೊಡಬೇಕೇ?

ಕನ್ನಡದ ಕಥೆ ಬೇರೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ "ಕನ್ನಡ" ಅಂತ ಟೈಪ್ ಮಾಡಿ ಕೋಡಿಗೆ ಪೇಸ್ಟ್ ಮಾಡಿದೆ. ಬ್ರೌಸರ್‌ನಲ್ಲಿ ಬಂದದ್ದು ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ದುಡ್ಡಿನ ಗುರುತು, ಆಮೇಲೊಂದು ಕ್ಯೂ. ನಿಮ್ಮಲ್ಲಿ ಪುಟ ಕಟ್ಟುವವರಿಗೆ ಇದು ಗೊತ್ತೇ ಇರುತ್ತದೆ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಕುರ್ಚಿಯಲ್ಲೇ ಕನ್ನಡದ ಆಕಾರ ಕೂರಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ಕುರ್ಚಿ ಮಾತ್ರ ಕಾಣುತ್ತದೆ. ಎಲ್ಲ ಭಾಷೆಯ ಅಕ್ಷರಕ್ಕೂ ತನ್ನದೇ ನಂಬರ್ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ಇದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇತ್ತು, ನಾನು ವರ್ಷಗಟ್ಟಲೆ ಅದನ್ನು ಮುಟ್ಟಿರಲಿಲ್ಲ ಅಷ್ಟೇ. ಒತ್ತಕ್ಷರದ್ದು ಇನ್ನೊಂದು ಪೇಚು. ಇಂಗ್ಲಿಷಿಗೆ ಸರಿಹೋಗುವ ಸಾಲಿನ ಅಂತರ ಇಟ್ಟರೆ "ಲಕ್ಷ್ಮೀ"ಯ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಲೈನ್ ಹೈಟ್ 1.7ಕ್ಕೆ ಏರಿಸಿದ ಮೇಲೆ ಮದುಮಗಳ ಹೆಸರು ನೆಟ್ಟಗೆ ಕಂಡಿತು. ಬೆಕ್ಕಿನ ಪಾಠದಲ್ಲಿ ಇದನ್ನೆಲ್ಲ ಯಾರೂ ಹೇಳುವುದಿಲ್ಲ. ಕನ್ನಡದಲ್ಲೇ ಕೇಳಬೇಕು ಅನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ, ಅವರ ಪಾಠಗಳಿಗೆ ಕನ್ನಡ ಧ್ವನಿಯನ್ನೂ ಕೊಡಿಸುತ್ತಾರೆ. ನಿಮ್ಮ ಲೇಖನದ ಪಟ್ಟಿಯಲ್ಲಿ ಅದೂ ಇರಬೇಕಿತ್ತು.

ನಾನು ಮಾಡಿದಾಗ ಸರ್ಟಿಫಿಕೇಟಿಗೆ ಐದು ಪ್ರಾಜೆಕ್ಟ್ ಇದ್ದವು. ಒಂದು, ಯಾರಾದರೂ ಒಬ್ಬರ ಗೌರವಕ್ಕೆ ಪುಟ ಮಾಡುವುದು. ನಾನು ನಮ್ಮ ಮಾವನವರ ಮೇಲೆ ಮಾಡಿದೆ. ಕುಣಿ ಮಗ್ಗದಲ್ಲಿ ಕೂತು ಖಣ ನೇಯ್ದೇ ಅವರ ಬದುಕು ಕಳೆಯಿತು. ಯಾವ ವರ್ಷ ಮಗ್ಗಕ್ಕೆ ಕೂತರು, ಯಾವಾಗ ತೇರಿನ ಖಣ ಎತ್ತಿದರು ಅಂತ ಅತ್ತೆಯವರನ್ನು ಕೇಳಿ ಬರೆದೆ. ಕೆಲಸ ಸರಿ ಇದೆಯೇ ಅಂತ ಕಂಪ್ಯೂಟರೇ ಪರೀಕ್ಷೆ ಮಾಡುತ್ತದೆ. ಒಂದು ಕಡೆ ಕೆಂಪು ಗುರುತು ಹೋಗಲೇ ಇಲ್ಲ. ಆ ವ್ಯಕ್ತಿಯ ಬಗ್ಗೆ ಇನ್ನೂ ತಿಳಿಯಲು ಹೊರಗಿನ ಪುಟಕ್ಕೆ ಲಿಂಕ್ ಇರಲೇಬೇಕಂತೆ. ನಮ್ಮ ಮಾವನವರ ಬಗ್ಗೆ ಹೊರಗೆ ಯಾವ ಪುಟ ಇರುತ್ತದೆ? ಕೊನೆಗೆ ಇಳಕಲ್ ಸೀರೆಯ ವಿಕಿಪೀಡಿಯ ಪುಟಕ್ಕೆ ಕೊಂಡಿ ಹಾಕಿದೆ. ಹಸಿರು ಬಂತು. ಮಾವನವರು ಸೀರೆ ನೇಯ್ದವರಲ್ಲ, ಆದರೆ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಜೋಡಿ, ತೀರಾ ಸುಳ್ಳಂತೂ ಅಲ್ಲ.

ಈಗ ಲಿಂಕ್ ಪತ್ರಿಕೆ ನಾನೇ ಮಾಡಿ, ವೆಬ್ ಪುಟ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಇಡುತ್ತೇನೆ. ಜಾಗಕ್ಕೆ ಬಾಡಿಗೆ ಇಲ್ಲ. ಒಂದಕ್ಕೆ ಐನೂರು ರೂಪಾಯಿ ತಗೊಳ್ತೇನೆ. ಐಟಿ ಕೆಲಸ ಸಿಕ್ಕಿದೆಯಾ ಅಂತ ಕೇಳಬೇಡಿ. ಸಿಕ್ಕಿಲ್ಲ, ನಾನು ಹುಡುಕಿಯೂ ಇಲ್ಲ. ಒತ್ತಿದರೆ ಪುಟ ಕೆಲಸ ಮಾಡುವ ಹಾಗೆ ಮಾಡುವ ಜಾವಾಸ್ಕ್ರಿಪ್ಟ್ ಭಾಷೆ ಇನ್ನೂ ಅರ್ಧಕ್ಕೇ ನಿಂತಿದೆ. ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಮಾಡಿ ಮುಗಿಸಿದರಂತೆ. ನನಗೆ ಹತ್ತು ತಿಂಗಳಾದರೂ ಬಗ್ಗಿಲ್ಲ. ಕೋರ್ಸ್ ಮುಗಿಸಿದ ಕೂಡಲೇ ನೌಕರಿ ಅಂತ ಹೇಳುವವರನ್ನು ನಂಬಬೇಡಿ. ನಮ್ಮ ಅಕ್ಕನ ಮಗ ದೊಡ್ಡ ಊರಿನ ಒಂದು ಕ್ಲಾಸಿಗೆ ಮೂವತ್ತೈದು ಸಾವಿರ ಕಟ್ಟಿದ. ಅಲ್ಲಿ ಪರದೆ ಮೇಲೆ ಹಾಕಿದ್ದು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವ ವಿಡಿಯೋ. ಅದಿರಲಿ.

ಮತ್ತೆ ಆ ಹುಡುಗನ ಕಡೆ ಬರುತ್ತೇನೆ. ಅವನು ಮೊಬೈಲ್‌ನಲ್ಲಿ ತಿಂಗಳಾನುಗಟ್ಟಲೆ ವಿಡಿಯೋ ನೋಡಿದ್ದಾನೆ. ಟ್ಯಾಗ್ ಅಂದರೆ ಏನು, ಡಿವ್ ಅಂದರೆ ಏನು, ನನಗಿಂತ ಚೆಂದ ಹೇಳುತ್ತಾನೆ. ಅವತ್ತು ಅಂಗಡಿಯ ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಹೆಡ್ಡಿಂಗ್ ಬರೆ ಅಂದೆ. ಟ್ಯಾಗ್ ಬರೆಯಲು ಬೇಕಾದ ಕೋನದ ಬ್ರಾಕೆಟ್ ಎಲ್ಲಿದೆ ಅಂತ ಕೀಬೋರ್ಡ್ ಮೇಲೆ ಹುಡುಕಿದ. ಕಾಮಾದ ಮೇಲೆಯೇ ಇದೆ, ಶಿಫ್ಟ್ ಒತ್ತಬೇಕು. ಅವನ ಬೆರಳಿಗೆ ಅದು ಗೊತ್ತಿಲ್ಲ. ಬರೆದು ಸೇವ್ ಮಾಡಿದ. ತೆರೆದರೆ ಪುಟದ ಬದಲು ಬರೀ ಅಕ್ಷರ. ನೋಟ್‌ಪ್ಯಾಡ್ ತಾನಾಗಿ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂತ ಬಾಲ ಅಂಟಿಸಿತ್ತು, ವಿಂಡೋಸ್ ಆ ಬಾಲವನ್ನು ಬಚ್ಚಿಟ್ಟಿತ್ತು. ಇದೇ ಬಾಲಕ್ಕೆ ನಾನೂ ಹಿಂದೆ ಎರಡು ದಿನ ಕಳೆದುಕೊಂಡಿದ್ದೆ. ಸೇವ್ ಮಾಡುವಾಗ "ಆಲ್ ಫೈಲ್ಸ್" ಅಂತ ಆರಿಸಿದರೆ ಮುಗಿಯಿತು, ಆದರೆ ತಪ್ಪು ಮಾಡಿಯೇ ಅದು ಗೊತ್ತಾಗಬೇಕು. ಮೊಬೈಲ್‌ನಲ್ಲಿ ಆ ತಪ್ಪು ಮಾಡಲಿಕ್ಕೂ ಅವಕಾಶ ಇಲ್ಲ.

ಆಮೇಲೆ ಎಫ್12 ಒತ್ತಿಸಿದೆ. ಯಾವುದೇ ಪುಟ ತೆರೆದು ಆ ಕೀಲಿ ಒತ್ತಿದರೆ ಅದರ ಹೊಲಿಗೆ ಎಲ್ಲಾ ಬಿಚ್ಚಿಕೊಳ್ಳುತ್ತದೆ. ಯಾವ ಡಬ್ಬಿಗೆ ಎಷ್ಟು ಪ್ಯಾಡಿಂಗ್, ಯಾವ ಬಣ್ಣ, ಎಲ್ಲಾ ಕಾಣುತ್ತದೆ. ಅಲ್ಲೇ ಬದಲಿಸಿ ನೋಡಬಹುದು. ನಾನು ಅರ್ಧ ಕಲಿತದ್ದೇ ಹೀಗೆ. ಹುಡುಗ ಒಂದು ಪುಟದ ಹೆಡ್ಡಿಂಗ್ ಅಳಿಸಿ ತನ್ನ ಹೆಸರು ಹಾಕಿ, "ಅಕ್ಕಾರ, ಇದು ಎಲ್ಲಾರಿಗೂ ಹಿಂಗ ಕಾಣ್ತದೇನ್ರಿ?" ಅಂತ ಗಾಬರಿಯಾದ. ಇಲ್ಲಪ್ಪಾ, ಬರೀ ನಿನಗೆ, ರಿಫ್ರೆಶ್ ಮಾಡಿದರೆ ಹೋಗುತ್ತೆ ಅಂದೆ. ಫೋನಿನ ಕ್ರೋಮ್‌ನಲ್ಲಿ ಈ ಸವಲತ್ತು ಇಲ್ಲ. ಫೋನಿನಲ್ಲಿ ಕೋಡಿಂಗ್ ಕಲಿಯುವುದು ಅಂದರೆ ಮಗ್ಗ ಇಲ್ಲದೆ ನೇಯ್ಗೆ ನೋಡಿದ ಹಾಗೆ.

ಹಾಗಂತ ಎಲ್ಲರೂ ಲ್ಯಾಪ್‌ಟಾಪ್ ತಗೊಳ್ಳಲಿ ಅಂತ ನಾನು ಹೇಳುತ್ತಿಲ್ಲ. ಹೊಸ ಯಂತ್ರವೇ ಬೇಕಾಗಿಲ್ಲ. ಬ್ರೌಸರ್ ತೆರೆದುಕೊಂಡರೆ ಸಾಕು, ನಾಲ್ಕು ಜಿಬಿ ರ‍್ಯಾಮ್‌ನ ಹಳೆ ಕಂಪ್ಯೂಟರ್ ಧಾರಾಳ ಆಯ್ತು. ಫ್ರೀಕೋಡ್‌ಕ್ಯಾಂಪ್‌ನ ಪಾಠಗಳಲ್ಲಿ ಓದಿ ಬರೆಯುವುದೇ ಜಾಸ್ತಿ, ವಿಡಿಯೋದಷ್ಟು ಡೇಟಾ ತಿನ್ನುವುದಿಲ್ಲ. ಅಂಥ ಕಂಪ್ಯೂಟರ್‌ಗಳು ನಮ್ಮ ಜಿಲ್ಲೆಯಲ್ಲಿ ಈಗಾಗಲೇ ಇವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಹೆಸರಾಗಿದೆ, ಅನೇಕ ಕಡೆ ಕಂಪ್ಯೂಟರ್ ಬಂದಿದೆ.

ಹೋದ ತಿಂಗಳು ಅರ್ಜಿ ಕೆಲಸಕ್ಕೆ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿನ ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರ್ ನೋಡಿದೆ. ಮೇಲೆ ಹೂವಿನ ಬಟ್ಟೆ ಹೊದಿಸಿತ್ತು, ಟಿವಿಗೆ ಹೊದಿಸುತ್ತಿದ್ದರಲ್ಲ, ಹಾಗೆ. ಬಟ್ಟೆ ಸರಿಸಿದರೆ ಮಾನಿಟರ್ ಮಾತ್ರ. ಕೀಬೋರ್ಡ್, ಮೌಸ್ ಎಲ್ಲಿ ಅಂದೆ. "ಕಪಾಟಿನಾಗ ಅದಾವ್ರಿ, ಕೀಲಿ ಹಾಕೇನಿ" ಅಂದರು ಗ್ರಂಥಾಲಯ ನೋಡಿಕೊಳ್ಳುವವರು. ಅವರ ಮೇಲೆ ಸಿಟ್ಟು ಮಾಡಬೇಡಿ. ಒಂದು ಮೌಸ್ ಕಳೆದರೆ ಯಾರ ಜೇಬಿನಿಂದ ಹೋಗುತ್ತದೆ ಅನ್ನುವುದು ಅವರಿಗೆ ಗೊತ್ತು. ಮೇಲಿನವರು ಬಂದಾಗ ಲೆಕ್ಕ ಸರಿ ಇರಬೇಕು. ಮೌಸ್ ಸವೆದಿದ್ದರೆ ಯಾಕೆ ಸವೆಯಿತು ಅಂತ ಕೇಳುತ್ತಾರೆ, ಹೊಸದಾಗೇ ಇದ್ದರೆ ಯಾಕೆ ಹೊಸದಾಗೇ ಇದೆ ಅಂತ ಯಾರೂ ಕೇಳುವುದಿಲ್ಲ.

ಪಂಚಾಯಿತಿಯವರಿಗೆ, ಗ್ರಂಥಾಲಯದ ಮೇಲಿನ ಅಧಿಕಾರಿಗಳಿಗೆ ನನ್ನ ವಿನಂತಿ ಇಷ್ಟೇ. ಮುರಿದ ಕೀಬೋರ್ಡ್, ಕಳೆದ ಮೌಸ್ ಗ್ರಂಥಾಲಯದವರ ತಲೆಗೆ ಕಟ್ಟುವುದಿಲ್ಲ ಅಂತ ಒಂದು ಕಾಗದ ಬರೆದು ಕೊಡಿ. ಅದೇನು ನಾಲ್ಕೈದು ನೂರು ರೂಪಾಯಿಯ ಸಾಮಾನು. ಸಂಜೆ ಐದೂವರೆಯಿಂದ ಎಂಟರವರೆಗೆ ಬಾಗಿಲು ತೆರೆದಿರಲಿ, ಹಗಲು ಹುಡುಗರು ಕಾಲೇಜಿನಲ್ಲಿ ಇರುತ್ತಾರೆ, ಹುಡುಗಿಯರು ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿರುತ್ತಾರೆ. ಸಂಜೆ ಹೊತ್ತು ನೆಟ್ ಸೆಂಟರಿಗೆ ಮಗಳನ್ನು ಕಳಿಸದ ಮನೆಯವರೂ ಗ್ರಂಥಾಲಯಕ್ಕೆ ಕಳಿಸುತ್ತಾರೆ. ಕಲಿಸುವ ಮೇಷ್ಟ್ರು ಇಲ್ಲ ಅಂತ ಸುಮ್ನೆ ಕಾಯುವುದು ಬೇಡ. ಮೇಷ್ಟ್ರು ಪರದೆಯಲ್ಲೇ ಇದ್ದಾರೆ. ಪಕ್ಕದಲ್ಲಿ ಇನ್ನೊಬ್ಬ ಕಲಿಯುವವ ಕೂತಿದ್ದರೆ ಸಾಕು, ಬಾಲ ಅಂಟಿದ್ದನ್ನು ಇಬ್ಬರಲ್ಲಿ ಒಬ್ಬರು ಕಂಡುಹಿಡಿಯುತ್ತಾರೆ.

ಆ ಹುಡುಗ ಈಗ ರಾತ್ರಿ ಎಂಟರ ಮೇಲೆ ನನ್ನ ಅಂಗಡಿಗೆ ಬರುತ್ತಾನೆ. ಗಿರಾಕಿ ಇದ್ದರೆ ಎದ್ದು ನಿಲ್ಲುತ್ತಾನೆ, ಹೋದ ಮೇಲೆ ಕೂರುತ್ತಾನೆ. ಕೆಫೆ ಮೆನುವಿನ ಪಾಠದಲ್ಲಿದ್ದಾನೆ. ಕಾಫಿ ತೆಗೆದು ಗಿರ್ಮಿಟ್, ಮಿರ್ಚಿ ಅಂತ ಬರೆದ, ಕಂಪ್ಯೂಟರ್ ಒಪ್ಪಲಿಲ್ಲ. ಅವನ ಇಬ್ಬರು ಗೆಳೆಯರೂ ಬರುತ್ತೇವೆ ಅನ್ನುತ್ತಿದ್ದಾರೆ. ನನ್ನಲ್ಲಿ ಜಾಗ ಇಲ್ಲ, ಝೆರಾಕ್ಸ್ ಯಂತ್ರವೇ ಅರ್ಧ ಅಂಗಡಿ ತಿಂದಿದೆ.

ಅಟ್ಟದ ಮೇಲೆ ಮೂರು ಹಳೆ ಕೀಬೋರ್ಡ್ ಮಾತ್ರ ಇವೆ. ಒಂದರಲ್ಲಿ ಸ್ಪೇಸ್ ಬಾರ್ ಸ್ವಲ್ಪ ಗಟ್ಟಿ, ಉಳಿದವು ಸರಿಯಾಗಿವೆ. ಕಪಾಟಿನ ಕೀಲಿ ಸಿಗದ ಯಾವ ಗ್ರಂಥಾಲಯದವರು ಬಂದು ಕೇಳಿದರೂ ಒರೆಸಿ ಕೊಡುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ