ಸಣ್ಣ ಕೊಲ್ಲಿಗಳ ನಿಶ್ಶಬ್ದ ಉಳಿಯಲಿ

ಮಾನ್ಯರೇ,

ನಮ್ಮ ಕರಾವಳಿಯ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ರೆಸಾರ್ಟು, ಸ್ಪೀಡ್‌ಬೋಟು, ಜೆಟ್‌ಸ್ಕೀಗಳ ಚರ್ಚೆಯೇ ಮುಂದಾಗುತ್ತದೆ. ಕಳೆದ ಜನವರಿಯಲ್ಲಿ, ಗೋವಾದಿಂದ ಕೊಚ್ಚಿಗೆ ಹೊರಟಿದ್ದ ಸ್ನೇಹಿತರ ಹಾಯಿದೋಣಿಯಲ್ಲಿ ಗೋಕರ್ಣದವರೆಗೆ ಹೋಗಿ, ಓಂ ಬೀಚಿನ ದಕ್ಷಿಣಕ್ಕೆ ಗುಡ್ಡಗಳ ನಡುವಿನ ಸಣ್ಣ ಕೊಲ್ಲಿಯೊಂದರಲ್ಲಿ ಇಡೀ ದಿನ ಲಂಗರು ಹಾಕಿ ತಂಗಿದ್ದ ನಾನು, ಆ ಚರ್ಚೆಯಲ್ಲಿ ಬಿಟ್ಟುಹೋದ ಒಂದು ವಿಷಯವನ್ನು ಓದುಗರ ಮುಂದಿಡಬಯಸುತ್ತೇನೆ.

ಬೆಳಗಿನ ಇಳಿತದಲ್ಲಿ ಅಲ್ಲಿ 4 ಮೀಟರ್ ನೀರಿತ್ತು. ಉಬ್ಬರಕ್ಕೆಂದು ಇನ್ನೂ 2 ಮೀಟರ್ ಸೇರಿಸಿ, ಒಟ್ಟು ಆಳದ ಐದು ಪಟ್ಟಿನ ಲೆಕ್ಕದಲ್ಲಿ 30 ಮೀಟರ್ ಸರಪಳಿ ಬಿಟ್ಟು, ಲಂಗರು ಮರಳನ್ನು ಗಟ್ಟಿಯಾಗಿ ಕಚ್ಚಿದೆಯೆಂದು ಖಚಿತವಾದ ಮೇಲೆಯೇ ಚಹಾಕ್ಕೆ ನೀರಿಟ್ಟೆವು. ಆಗ ನೆಲದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದ್ದುದರಿಂದ ದೋಣಿಯ ಮೂತಿ ದಡದತ್ತ ಇತ್ತು. ಹನ್ನೊಂದರ ಹೊತ್ತಿಗೆ ಗಾಳಿ ಪೂರ್ತಿ ನಿಂತಿತು. ಮಧ್ಯಾಹ್ನ ನೆಲ ಕಾದು ವಾಯವ್ಯದಿಂದ ಕಡಲಗಾಳಿ ಏಳುತ್ತಿದ್ದಂತೆ, ಯಾರೂ ಚುಕ್ಕಾಣಿ ಮುಟ್ಟದೆ, ದೋಣಿ ತಾನಾಗಿಯೇ ಮೆಲ್ಲನೆ ತಿರುಗಿ ಕಡಲಿಗೆ ಮುಖ ಮಾಡಿತು. ಗಂಜಿ, ಉಪ್ಪಿನಕಾಯಿ, ಹುರಿದ ಬಂಗುಡೆಯ ಊಟ ಮುಗಿಸಿ, ನೆರಳಿಗೆ ಕಟ್ಟಿದ ಬಟ್ಟೆಯ ಕೆಳಗೆ ಮಲಗಿದ್ದಾಗ, ಹಗ್ಗ ಹಾಯಿಕಂಬಕ್ಕೆ ತಾಗುವ ಸದ್ದಿನ ನಡುವೆ ಡಾಲ್ಫಿನ್ನೊಂದು ನೀರಿನ ಮೇಲೆ ಬಂದು ಉಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. ಹೊರವರ್ತುಲ ರಸ್ತೆಯ ಬದಿಯಲ್ಲಿ 15 ವರ್ಷಗಳಿಂದ ವಾಸಿಸುತ್ತಿರುವ ನನಗೆ ಅಂಥ ನಿಶ್ಶಬ್ದ ಈ ರಾಜ್ಯದಲ್ಲಿ ಇನ್ನೂ ಉಳಿದಿದೆಯೆಂಬುದೇ ದೊಡ್ಡ ಸಮಾಧಾನ.

ಮೂರು ಗಂಟೆಯ ನಂತರ ಪ್ರವಾಸಿಗರನ್ನು ಹೊತ್ತ ಎರಡು ಸ್ಪೀಡ್‌ಬೋಟುಗಳು, ನಮ್ಮಲ್ಲಿಬ್ಬರು ಈಜುತ್ತಿದ್ದ ಜಾಗದ ತೀರ ಸಮೀಪದಲ್ಲೇ, ವೇಗ ತಗ್ಗಿಸದೆ ಹಾದುಹೋದವು. ಈಜುತ್ತಿದ್ದವರು ಗಾಬರಿಗೊಂಡು ಏಣಿ ಹಿಡಿದರು. ಅಲೆಗಳ ಹೊಡೆತಕ್ಕೆ ಸರಪಳಿ ಜಗ್ಗಿ ದೋಣಿಯೆಲ್ಲ ಕುಲುಕಿತು. ಸಂಜೆಯಾಗುವಾಗ ಪಾತಿದೋಣಿಯಲ್ಲಿ ಬಂದ ಹಿರಿಯ ಮೀನುಗಾರರೊಬ್ಬರು, ತಾವು ರಾತ್ರಿ ಬಲೆ ಬಿಡುವ ಜಾಗದಲ್ಲಿ ನಾವಿದ್ದೇವೆಂದು ಹೇಳಿ, ಸ್ವಲ್ಪ ಆಚೆ ಸರಿಯಲು ಕೇಳಿಕೊಂಡರು. ಕೂಡಲೇ ಲಂಗರೆತ್ತಿ ಸರಿದೆವು. ಆ ನೀರಿನ ಮೇಲೆ ಮೊದಲ ಹಕ್ಕು ಅವರದು, ಈ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಹಾಯಿದೋಣಿ ನಮಗೆ ಪರಕೀಯವಲ್ಲ. ಹಲಸೂರು ಕೆರೆಯಲ್ಲಿ ಸೇನೆಯವರು ಹಾಯಿ ಬಿಚ್ಚುವುದನ್ನು ಬೆಂಗಳೂರಿಗರು ಕಂಡಿದ್ದಾರೆ, ಸೇನೆಯ ಎಂಜಿನಿಯರುಗಳು 1985–87ರಲ್ಲಿ ‘ತೃಷ್ಣಾ’ದಲ್ಲಿ ಭೂಪ್ರದಕ್ಷಿಣೆ ಮಾಡಿದರು, 2017–18ರಲ್ಲಿ ನೌಕಾಪಡೆಯ ಆರು ಮಹಿಳೆಯರು ‘ತಾರಿಣಿ’ಯಲ್ಲಿ ಪಕ್ಕದ ಗೋವಾದಿಂದಲೇ ಹೊರಟು ಪ್ರಪಂಚ ಸುತ್ತಿ ಬಂದರು. ಕಾರವಾರದಿಂದ ಗೋಕರ್ಣದವರೆಗಿನ ಒಂದೆರಡು ಸಣ್ಣ ಕೊಲ್ಲಿಗಳಲ್ಲಿ, ಸ್ಥಳೀಯ ಮೀನುಗಾರರನ್ನು ಕೇಳಿ ಬಲೆ ಬಿಡುವ ಜಾಗಗಳನ್ನು ಬಿಟ್ಟು, ದೋಣಿ ಕಟ್ಟಲು ತಳಕ್ಕೆ ಬಿಗಿದ ನಾಲ್ಕೈದು ತೇಲುಗುಂಡುಗಳನ್ನು ಇರಿಸಿ, ಕೊಲ್ಲಿಯೊಳಗೆ ಯಂತ್ರದೋಣಿಗಳ ವೇಗಕ್ಕೆ ಮಿತಿ ಹಾಕಿದರೆ ಸಾಕು. ಮಳೆಗಾಲದಲ್ಲಿ ಹಾಯಿದೋಣಿಗಳು ಹೇಗೂ ಇತ್ತ ಬರುವುದಿಲ್ಲವಾದ್ದರಿಂದ, ಇದು ಮುಖ್ಯವಾಗಿ ನವೆಂಬರಿನಿಂದ ಫೆಬ್ರುವರಿವರೆಗಿನ ನಾಲ್ಕು ತಿಂಗಳ ವ್ಯವಸ್ಥೆ. ಸಂಬಂಧಪಟ್ಟ ಇಲಾಖೆಗಳು ಬರುವ ನವೆಂಬರಿನೊಳಗೆ ಒಂದು ಕೊಲ್ಲಿಯಲ್ಲಾದರೂ ಇದನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಬೆಂಗಳೂರು