ಶನಿವಾರದ ಶಾರ್ಕ್ ಸಿನಿಮಾ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ರಾತ್ರಿ 9ಕ್ಕೆ ಅವರವರ ಮನೆಯಲ್ಲೇ ಕೂತು ಒಟ್ಟಿಗೆ ನೋಡುವ ಸಿನಿಮಾ 2013ರ 'ಶಾರ್ಕ್‌ನಾಡೊ'. ಸುಂಟರಗಾಳಿ ಸಮುದ್ರದ ಶಾರ್ಕ್‌ಗಳನ್ನು ಎತ್ತಿ ತಂದು ಲಾಸ್ ಏಂಜಲೀಸ್ ಮೇಲೆ ಸುರಿಯುತ್ತದೆ, ಕತೆ ಅಷ್ಟೇ. ಇಷ್ಟಕ್ಕೇ 2018ರ ಹೊತ್ತಿಗೆ ಒಟ್ಟು ಆರು ಸಿನಿಮಾ ಬಂದವು, ನಂಬ್ತೀರಾ!

ಕಳೆದ ಸಲ ಇಂಥದ್ದೇ ಒಂದನ್ನು ಹಾಕಿದಾಗ ಕೆಲವರು "ಇದೇನ್ರೀ ಗ್ರಾಫಿಕ್ಸು" ಅಂತ ಅರ್ಧಕ್ಕೇ ಎದ್ದು ಹೋದರು, ಉಳಿದವರು ನಕ್ಕು ನಕ್ಕು ಸುಸ್ತಾದರು. ಎರಡೂ ಸರಿ. ಆದರೆ ದಯವಿಟ್ಟು 1975ರ 'ಜಾಸ್' ಜೊತೆ ಹೋಲಿಸಬೇಡಿ. ಅಲ್ಲಿ ಯಂತ್ರದ ಶಾರ್ಕ್ ಪದೇ ಪದೇ ಕೆಟ್ಟು ನಿಲ್ಲುತ್ತಿದ್ದರಿಂದ ಸ್ಪೀಲ್‌ಬರ್ಗ್ ಅದನ್ನು ಜಾಸ್ತಿ ತೋರಿಸದೆಯೇ ಹೆದರಿಸಬೇಕಾಯಿತು, ಇಲ್ಲಿ ಕಂಪ್ಯೂಟರ್ ಶಾರ್ಕ್ ಕೆಡುವುದೇ ಇಲ್ಲ, ಬೇಡ ಅಂದರೂ ಬರುತ್ತಲೇ ಇರುತ್ತದೆ.

ನಿಜವಾಗಿ ಹೆದರಬೇಕು ಅನ್ನುವವರಿಗೆ ಮುಂದಿನ ವಾರ 2003ರ 'ಓಪನ್ ವಾಟರ್' ಇಡೋಣವಾ? ಅದೂ ಕಡಿಮೆ ದುಡ್ಡಿನದೇ, ಆದರೆ ನಟರ ಸುತ್ತ ಈಜುವುದು ನಿಜವಾದ ಶಾರ್ಕ್‌ಗಳು.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿ 'ಹೂಂ' ಅಂತ ಹಾಕಿ. 9ಕ್ಕೆ ನಾನು 'ಶುರು' ಅಂತ ಕಳಿಸಿದಾಗ ಎಲ್ಲರೂ ಒಟ್ಟಿಗೆ ಪ್ಲೇ ಒತ್ತಿ, ಮುಂದೆ ಓಡಿಸಬೇಡಿ. ಮೊದಲೇ ನೋಡಿದವರು ಗರಗಸದ ದೃಶ್ಯದ ಬಗ್ಗೆ ಬಾಯಿ ಬಿಡಬಾರದು. ರಕ್ತ ಸುಮಾರಾಗಿದೆ, ಚಿಕ್ಕ ಮಕ್ಕಳನ್ನು ಮಲಗಿಸಿ ಬನ್ನಿ. ಬೈಗುಳ, ನಗು ಎಲ್ಲ ಸಿನಿಮಾ ನಡೆಯುವಾಗಲೇ ಬರೆಯಿರಿ, ಆದರೆ ವಾಯ್ಸ್ ಮೆಸೇಜ್ ಬೇಡ. 'ಓಪನ್ ವಾಟರ್' ಬಗ್ಗೆಯೂ ಬೇಕು, ಬೇಡ ತಿಳಿಸಿ.